ಎರಡನೆಯ ದನಿ

ನವಿ ಮುಂಬಯಿಯ ಕಳಂಬೋಲಿಯ ಸ್ಟೀಲ್ ಮಾರ್ಕೆಟ್ಟಿನ ಸುತ್ತಲಿನ ರಸ್ತೆಗಳಲ್ಲಿ ಲಾರಿಗಳ ಸಾಲು ಕಡಿಯುವುದೇ ಇಲ್ಲ. ಕಬ್ಬಿಣದ ಸರಳು ಹೊತ್ತ ಟ್ರೇಲರುಗಳು ಒಂದರ ಹಿಂದೊಂದು ಸಯನ್–ಪನ್ವೇಲ್ ಹೆದ್ದಾರಿಯತ್ತ ತೆವಳುತ್ತಿರುತ್ತವೆ. ಅವುಗಳ ಸಂದಿಯಲ್ಲಿ ಬೈಕುಗಳು ನುಸುಳಿಕೊಂಡು ಹೋಗುತ್ತವೆ. ಹಾರನ್ನುಗಳ ಆ ಗದ್ದಲದಲ್ಲೂ ಆಗಾಗ ಒಂದು ಕೂಗು ಕೇಳಿಬರುತ್ತದೆ: "ಸ್ಟ್ಯಾಂಡ್! ಸ್ಟ್ಯಾಂಡ್!" ಬೈಕಿನವನು ಸೈಡ್ ಸ್ಟ್ಯಾಂಡ್ ಎತ್ತಲು ಮರೆತಿದ್ದಾನೆ, ರಸ್ತೆ ಬದಿಯಲ್ಲಿ ನಿಂತ ಯಾರೋ ಅದನ್ನು ಕಂಡು ಕೂಗಿದ್ದಾರೆ. ಹಿಂದೆ ಕೂತ ಹೆಂಗಸಿನ ದುಪಟ್ಟಾ ಚಕ್ರದತ್ತ ಜಾರುತ್ತಿದ್ದರೆ "ತಾಈ, ಓಢಣೀ!" ಎಂಬ ಮರಾಠಿ ಕೂಗು. ಕೂಗಿದವರಿಗೆ ಆಕೆಯ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಜಾತಿ ಗೊತ್ತಿಲ್ಲ. ಒಬ್ಬರು ಅಪಾಯದಲ್ಲಿದ್ದಾರೆ, ಅದು ಅವರಿಗೆ ಕಾಣುತ್ತಿಲ್ಲ, ನಮಗೆ ಕಾಣುತ್ತಿದೆ. ಕೂಗಲು ಅಷ್ಟು ಕಾರಣ ಸಾಕಾಗುತ್ತದೆ. "ನಮಗ್ಯಾಕೆ ಊರ ಉಸಾಬರಿ" ಎಂದು ಆ ಹೊತ್ತಿನಲ್ಲಿ ಯಾರೂ ಯೋಚಿಸುವುದಿಲ್ಲ.

ಅದೇ ನಾವು ಮನೆಗೆ ಬಂದು ಮೆಟ್ಟಿಲು ಹತ್ತಿದರೆ ಬೇರೆಯೇ ಮನುಷ್ಯರಾಗಿಬಿಡುತ್ತೇವೆ. ಎದುರು ಮನೆಯ ಸೊಸೆಯ ಕೆನ್ನೆ ಬಾತಿರುವುದು ಕಾಣುತ್ತದೆ. ಕಂಡರೂ ಲಿಫ್ಟಿನ ನಂಬರು ನೋಡುತ್ತ ನಿಲ್ಲುತ್ತೇವೆ. ಕೆಳಗಿನ ಮಹಡಿಯ ಹಿರಿಯರು ನಡುಗುವ ಕೈಯಲ್ಲಿ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಓಡುತ್ತಿದ್ದರೆ, ಕಿವಿಗೆ ಒತ್ತಿದ ಫೋನನ್ನು ಒಂದು ಗಳಿಗೆಯೂ ಇಳಿಸದಿದ್ದರೆ, "ಏನಾಯ್ತು ಮಾವ?" ಎಂದು ಕೇಳುವವರಿಲ್ಲ. ಎರಡೂ ಕಡೆ ಅಪಾಯವಿದೆ. ಎರಡನ್ನೂ ನಾವು ಕಂಡಿದ್ದೇವೆ. ರಸ್ತೆಯಲ್ಲಿ ತಾನಾಗಿ ಎದ್ದ ಕೂಗು ಮೆಟ್ಟಿಲ ಬಳಿ ಗಂಟಲಲ್ಲೇ ಉಳಿಯುವುದೇಕೆ?

ಈ ಪ್ರಶ್ನೆ ಕಾಡುವಾಗಲೆಲ್ಲ ನನಗೆ ಬ್ರಿಟನ್ನಿನ ಒಂದು ನಾಟಕ ಪದ್ಧತಿ ನೆನಪಾಗುತ್ತದೆ. ಕ್ರಿಸ್‌ಮಸ್ ಹತ್ತಿರವಾದರೆ ಅಲ್ಲಿನ ದೊಡ್ಡ ನಗರಗಳಿಂದ ಸಣ್ಣ ಊರುಗಳವರೆಗೆ ನಾಟಕಶಾಲೆಗಳಲ್ಲಿ ಪ್ಯಾಂಟೊಮೈಮ್ ಶುರುವಾಗುತ್ತದೆ. ಪ್ಯಾಂಟೊ ಎಂದು ಜನ ಅದನ್ನು ಅಕ್ಕರೆಯಿಂದ ಕರೆಯುತ್ತಾರೆ. ಸಿಂಡರೆಲಾ, ಅಲ್ಲಾದೀನ್, ಜ್ಯಾಕ್ ಮತ್ತು ಹುರುಳಿಬಳ್ಳಿ, ಡಿಕ್ ವಿಟಿಂಗ್ಟನ್: ಎಲ್ಲರಿಗೂ ಬಾಯಿಪಾಠವಾದ ಕಥೆಗಳೇ. ಅಜ್ಜಿ, ಅಪ್ಪ, ಅಮ್ಮ, ಮೊಮ್ಮಕ್ಕಳು ಒಟ್ಟಿಗೆ ಹೋಗಿ ಕೂರುತ್ತಾರೆ. ಶಾಲೆಗಳು ಮಕ್ಕಳನ್ನು ಸಾಲುಗಟ್ಟಿ ಕರೆದೊಯ್ಯುತ್ತವೆ. ಅಲ್ಲಿ ನೆಲೆಸಿರುವ ಎಷ್ಟೋ ಕನ್ನಡ ಮನೆಗಳ ಮಕ್ಕಳು ಮೊದಲ ಬಾರಿಗೆ ನಾಟಕಶಾಲೆಯ ಮೆಟ್ಟಿಲು ಹತ್ತುವುದು ಹೀಗೆಯೇ. ಗಂಡಸು ಹೆಣ್ಣುವೇಷ ಹಾಕಿ ಮುದುಕಿಯಾಗಿ ನಗಿಸುತ್ತಾನೆ. ಹುಡುಗಿಯೊಬ್ಬಳು ಕಥಾನಾಯಕನಾಗುತ್ತಾಳೆ. ದುಷ್ಟ ಪಾತ್ರ ರಂಗದ ಎಡಗಡೆಯಿಂದ ಬರಬೇಕು, ಒಳ್ಳೆಯ ಯಕ್ಷಿಣಿ ಬಲಗಡೆಯಿಂದ ಬರಬೇಕು ಎಂಬುದು ಅಲ್ಲಿನ ಹಳೆಯ ಸಂಪ್ರದಾಯ. ದುಷ್ಟ ಕಾಲಿಟ್ಟನೋ, ಸಭೆಗೆ ಸಭೆಯೇ ಛೀ ಥೂ ಎಂದು ಗದ್ದಲ ಎಬ್ಬಿಸುತ್ತದೆ.

ಇವೆಲ್ಲಕ್ಕಿಂತ ನನ್ನ ಮನಸ್ಸು ಹಿಡಿದ ಘಟ್ಟ ಇನ್ನೊಂದಿದೆ. ಒಳ್ಳೆಯವನು ಏನೂ ತಿಳಿಯದೆ ರಂಗದ ಮಧ್ಯೆ ನಿಂತಿದ್ದಾನೆ. ಅವನ ಬೆನ್ನ ಹಿಂದೆ ದೆವ್ವವೊಂದು ಹೆಜ್ಜೆ ಸಪ್ಪಳವಿಲ್ಲದೆ ಬರುತ್ತದೆ. ಸಭೆಯಲ್ಲಿ ಕೂತ ಮಕ್ಕಳು ಎದ್ದು ನಿಂತು ಕೂಗುತ್ತಾರೆ: "ನಿನ್ನ ಹಿಂದೆ ಇದೆ!" ಅವನು ತಿರುಗುತ್ತಾನೆ. ಅಷ್ಟರಲ್ಲಿ ದೆವ್ವವೂ ಅವನೊಡನೆ ತಿರುಗಿ ಮತ್ತೆ ಬೆನ್ನ ಹಿಂದೆಯೇ ಸೇರಿಕೊಂಡಿರುತ್ತದೆ. "ಏನೂ ಇಲ್ಲವಲ್ಲ" ಎನ್ನುತ್ತಾನೆ. "ಇದೆ!" ಎನ್ನುತ್ತಾರೆ ಮಕ್ಕಳು. "ಇಲ್ಲ!" ಎನ್ನುತ್ತಾನೆ ಅವನು. "ಇದೆ! ಇದೆ!" ಒಂದು ಸಲ, ಎರಡು ಸಲ, ಮೂರು ಸಲ ಇದು ನಡೆಯುತ್ತದೆ. ಮಕ್ಕಳು ಸೋಲುವುದಿಲ್ಲ. ದೊಡ್ಡವನೊಬ್ಬ ದೀಪದ ಬೆಳಕಿನಲ್ಲಿ ನಿಂತು ಇಲ್ಲ ಎನ್ನುತ್ತಿದ್ದಾನೆ, ಹಾಗಾದರೆ ತಾವು ಕಂಡದ್ದೇ ಸುಳ್ಳಿರಬೇಕು ಎಂದು ಅವರು ಸುಮ್ಮನಾಗುವುದಿಲ್ಲ. ಕಂಡದ್ದನ್ನು ಕಂಡೆ ಎನ್ನುತ್ತಾರೆ. ಅವನಿಗೆ ಕಾಣುವವರೆಗೂ ಅನ್ನುತ್ತಲೇ ಇರುತ್ತಾರೆ.

ಆಟ ಮುಗಿದ ಮೇಲೆ ಮಗು ಕಥೆಯನ್ನು ಮರೆಯಬಹುದು. ತಾನು ಕೂಗಿದ್ದರಿಂದ ಒಬ್ಬನು ಪಾರಾದ ಎಂಬುದು ಮಾತ್ರ ಅದರ ಮೈಯಲ್ಲಿ ಉಳಿಯುತ್ತದೆ. ನೋಡುವವನಿಗೂ ಹೊಣೆ ಇದೆ ಎಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪುಸ್ತಕ ಯಾವುದಿದೆ?

ಇಷ್ಟೊಂದು ಕೂಗಿಸುವ ಈ ಆಟ ಹುಟ್ಟುವಾಗ ಬಹುಮಟ್ಟಿಗೆ ಮೂಕವಾಗಿತ್ತು. 1717ರ ಸುಮಾರಿಗೆ ಲಂಡನ್ನಿನ ಲಿಂಕನ್ಸ್ ಇನ್ ಫೀಲ್ಡ್ಸ್ ನಾಟಕಶಾಲೆಯಲ್ಲಿ ಜಾನ್ ರಿಚ್ ಎಂಬ ನಟ ಮಾತಿಲ್ಲದೆ, ಬರಿಯ ಮೈಚಳಕದಿಂದ ಹಾರ್ಲೆಕ್ವಿನ್ ಎಂಬ ಇಟಲಿಯ ಹಾಸ್ಯಪಾತ್ರವನ್ನು ಆಡಿ ಜನರನ್ನು ಸೆಳೆದ. 1737ರ ಕಾಯಿದೆ ಮಾತಿನ ನಾಟಕವನ್ನು ಪರವಾನಗಿ ಪಡೆದ ಬೆರಳೆಣಿಕೆಯ ರಂಗಮಂದಿರಗಳಿಗೆ ಕಟ್ಟಿಹಾಕಿತು. ಉಳಿದವರಿಗೆ ಕುಣಿತ, ಹಾಡು, ಸನ್ನೆಗಳೇ ಗತಿಯಾದವು. 1806ರ ಕ್ರಿಸ್‌ಮಸ್ ಸಮಯದಲ್ಲಿ ಕವೆಂಟ್ ಗಾರ್ಡನ್‌ನಲ್ಲಿ 'ಮದರ್ ಗೂಸ್' ಆಡಿದ ಜೋಸೆಫ್ ಗ್ರಿಮಾಲ್ಡಿ ವಿದೂಷಕನನ್ನೇ ಆಟದ ಜೀವವಾಗಿಸಿದ. ಕೊನೆಗೆ 1843ರ ನಾಟಕಶಾಲಾ ಕಾಯಿದೆ ಆ ಕಟ್ಟು ಸಡಿಲಿಸಿ ಎಲ್ಲ ರಂಗಮಂದಿರಗಳಿಗೂ ಮಾತು ಕೊಟ್ಟಿತು. ನಟರಿಗೆ ಮಾತು ಬಂದಮೇಲೆ ನೋಡುವವರೊಡನೆ ಮಾತಿಗೆ ಮಾತು ಕೊಡುವ ಈ ಪದ್ಧತಿಯೂ ಬಲಿಯಿತು.

ಅದೇ 1843ರಲ್ಲಿ ನಮ್ಮ ಈ ಸೀಮೆಯಲ್ಲೂ ರಂಗಕ್ಕೆ ಹೊಸ ಮಾತು ಬಂತು. ಅದು ಬಂದದ್ದು ಕನ್ನಡ ನೆಲದಿಂದ. ಹೊನ್ನಾವರದ ಬಳಿಯ ಕರ್ಕಿಯ ಭಾಗವತರ ಯಕ್ಷಗಾನ ಮೇಳ ಅದರ ಹಿಂದಿನ ವರ್ಷ ಸಾಂಗ್ಲಿಗೆ ಹೋಗಿ ಆಟ ಆಡಿತ್ತು. ಅದನ್ನು ನೋಡಿದ ಸಾಂಗ್ಲಿಯ ದೊರೆ ಚಿಂತಾಮಣರಾವ್ ಪಟವರ್ಧನರು ಮರಾಠಿಯಲ್ಲೂ ಇಂಥದ್ದೊಂದು ಆಗಲಿ ಎಂದು ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರ ನವೆಂಬರ್ 5ರಂದು 'ಸೀತಾ ಸ್ವಯಂವರ' ರಂಗಕ್ಕೇರಿತು. ಮಹಾರಾಷ್ಟ್ರ ಇಂದಿಗೂ ಆ ದಿನವನ್ನು ಮರಾಠಿ ರಂಗಭೂಮಿಯ ದಿನವಾಗಿ ಆಚರಿಸುತ್ತದೆ. ಹತ್ತು ವರ್ಷಗಳ ಮೇಲೆ ಭಾವೆಯವರ ತಂಡ ಮುಂಬಯಿಯ ಗ್ರ್ಯಾಂಟ್ ರೋಡ್ ನಾಟಕಶಾಲೆಗೂ ಬಂತು. ಕಳಂಬೋಲಿಯ ಮಗ್ಗುಲಲ್ಲೇ ಇರುವ ಪನ್ವೇಲಿನಿಂದ ಹೊರಡುವ 66ನೆಯ ರಾಷ್ಟ್ರೀಯ ಹೆದ್ದಾರಿ ಕೊಂಕಣದ ಘಟ್ಟಗಳನ್ನು ಇಳಿದು, ಕಾರವಾರ ಕುಮಟಾಗಳನ್ನು ದಾಟಿ, ಕರ್ಕಿಯ ನಡುವೆಯೇ ಹಾಯ್ದು ಹೋಗುತ್ತದೆ. ಊರಿಗೆ ಹೋಗಲು ರಾತ್ರಿ ಬಸ್ಸಿಗೆ ಕಾಯುವ ಇಲ್ಲಿನ ಕನ್ನಡಿಗರು, ತುಳುವರು ನಿಂತಿರುವುದು ಆ ಭಾಗವತರ ಊರಿಗೆ ಹೋಗುವ ದಾರಿಯಲ್ಲೇ.

ಆ ಪರಂಪರೆ ಇಲ್ಲಿ ಇನ್ನೂ ಉಸಿರಾಡುತ್ತಿದೆ. ತುಳುವರ ಬೇಶ ತಿಂಗಳ ಹತ್ತನೆಯ ದಿನ ಪತ್ತನಾಜೆ ಬಂದು ಕರಾವಳಿಯ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಕಲಾವಿದರ ತಂಡಗಳು ಮುಂಬಯಿ, ಠಾಣೆ, ಡೊಂಬಿವಲಿ, ನವಿ ಮುಂಬಯಿಗಳಿಗೆ ಬರುತ್ತವೆ. ಇಡೀ ರಾತ್ರಿಯ ಆಟ ಸಭಾಗೃಹದ ಮೂರ್ನಾಲ್ಕು ಗಂಟೆಯೊಳಗೆ ಇಳಿಯಬೇಕಾಗುತ್ತದೆ. ಆದರೂ ಹೋಟೆಲಿನ ಗಲ್ಲಾದಲ್ಲಿ ದುಡಿದು ದಣಿದವರು, ಆಫೀಸಿನಿಂದ ನೇರ ಬಂದವರು, ಕನ್ನಡ ಓದಲು ಬಾರದ ಮೊಮ್ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡ ಅಜ್ಜಿಯರು ಒಟ್ಟಿಗೆ ಕೂರುತ್ತಾರೆ. ಪ್ಯಾಂಟೊದಂತೆಯೇ ಇಲ್ಲೂ ಕಥೆ ಎಲ್ಲರಿಗೂ ಗೊತ್ತು, ಗಂಡಸು ಹೆಣ್ಣಾಗುತ್ತಾನೆ, ಹಾಸ್ಯಗಾರ ಅಂದಿನ ಮಾತನ್ನು ಅಂದೇ ಕಟ್ಟುತ್ತಾನೆ. ಕಾವಲುಗಾರನೋ ದೂತನೋ ಮಡಿವಾಳನೋ ಆಗಿ ಬಂದು, ಮಂತ್ರಿಗಳು ಹೇಳಲಾರದ್ದನ್ನು ಅರಸನ ಮುಖಕ್ಕೇ ಹೇಳುವ ಸಲುಗೆ ಅವನಿಗಿದೆ.

ಯಕ್ಷಗಾನ ನನಗೆ ಕಲಿಸಿದ ಎರಡು ಸಂಗತಿಗಳು ಪ್ಯಾಂಟೊದಲ್ಲಿ ಇಲ್ಲ. 'ದೇವಿ ಮಹಾತ್ಮೆ'ಯಲ್ಲಿ ಮಹಿಷಾಸುರ ಬರುವುದು ಚೌಕಿ ಎಂಬ ಬಣ್ಣದ ಮನೆಯಿಂದ ನೇರ ರಂಗಸ್ಥಳಕ್ಕಲ್ಲ. ದೊಂದಿಗಳ ಬೆಂಕಿಯ ನಡುವೆ ಅಬ್ಬರಿಸುತ್ತ, ಕೂತ ಜನರ ಹಿಂದಿನಿಂದ, ಅವರ ಮಧ್ಯೆಯೇ ದಾರಿ ಮಾಡಿಕೊಂಡು ಬರುತ್ತಾನೆ. ಪ್ಯಾಂಟೊದಲ್ಲಿ ದೆವ್ವ ಇರುವುದು ನಟನ ಬೆನ್ನ ಹಿಂದೆ. ಇಲ್ಲಿ ಅಸುರ ಎದ್ದು ಬರುವುದು ನೋಡುವವರ ಬೆನ್ನ ಹಿಂದಿನಿಂದ. ಕೆಡುಕು ಯಾವಾಗಲೂ ರಂಗದ ಎಡಮೂಲೆಯಲ್ಲಿ ಗುರುತು ಹಚ್ಚಿಕೊಂಡು ನಿಂತಿರುವುದಿಲ್ಲ. ಅದು ನಮ್ಮ ಸಾಲಿನಿಂದಲೇ, ನಮ್ಮ ಮನೆಯಿಂದಲೇ ಎದ್ದು ಹೋಗಿರಬಹುದು. ಇದು ಒಂದು. ಇನ್ನೊಂದು, ಯಕ್ಷಗಾನದಲ್ಲಿ ಎದುರಾಳಿಗೂ ಅರ್ಥ ಹೇಳುವ ಹಕ್ಕಿದೆ. ಮಹಿಷನಿಗೆ ತಾಯಿಯ ಸೇಡಿನ ಮಾತಿದೆ, 'ಗದಾಪರ್ವ'ದ ಕೌರವನಿಗೆ ತನ್ನ ಅಳಲಿದೆ. ಅವರ ಮಾತನ್ನು ಕೇಳಿಸಿಕೊಳ್ಳದೆ ಛೀ ಥೂ ಎಂದು ಎದ್ದು ಹೋಗಲು ಆಟ ನಮ್ಮನ್ನು ಬಿಡುವುದಿಲ್ಲ.

ಇಲ್ಲಿ ನಾನು ಒಂದು ಭೇದ ಮಾಡಬಯಸುತ್ತೇನೆ. ಪ್ಯಾಂಟೊ ನೋಡುವ ಮಗುವಿನಿಂದ ಎರಡು ಬಗೆಯ ಕೂಗು ಹೊರಡುತ್ತದೆ. ದುಷ್ಟನನ್ನು ಕಂಡು ಛೀ ಎನ್ನುವುದು ಒಂದು. ಒಳ್ಳೆಯವನಿಗೆ "ನಿನ್ನ ಹಿಂದೆ ಇದೆ" ಎನ್ನುವುದು ಇನ್ನೊಂದು. ಮೊದಲನೆಯದು ಕೆಟ್ಟವನ ಕಡೆಗೆ ತಿರುಗಿದ ಕೂಗು, ಎರಡನೆಯದು ಅಪಾಯದಲ್ಲಿ ಇರುವವನ ಕಡೆಗೆ ತಿರುಗಿದ್ದು. ನಮ್ಮ ಕಾಲದಲ್ಲಿ ಮೊದಲನೆಯದಕ್ಕೆ ಬರವಿಲ್ಲ. ಫೋನು ತೆರೆದರೆ ಸಾಕು, ಕಾಣದ ಊರಿನ ಗೊತ್ತಿಲ್ಲದ ಮನುಷ್ಯನಿಗೆ ಲಕ್ಷ ಜನ ಒಟ್ಟಿಗೆ ಛೀಮಾರಿ ಹಾಕುತ್ತಿರುತ್ತಾರೆ. ಹತ್ತು ಜನ ಸೇರಿ ಒಬ್ಬನನ್ನು ಹೊಡೆಯುವ ಗುಂಪೂ ಹುಟ್ಟುವುದು ಅದೇ ಕೂಗಿನಿಂದ. ಅದರಲ್ಲಿ ಕೂಗುವವನಿಗೆ ತಾನು ಒಳ್ಳೆಯವನೆಂಬ ಸುಖ ಸಿಗುತ್ತದೆ, ಯಾರೂ ಪಾರಾಗುವುದಿಲ್ಲ. ಎರಡನೆಯ ಕೂಗಿನಲ್ಲಿ ಸುಖ ಕಡಿಮೆ. ಅದನ್ನು ಕೂಗುವವನ ಕಣ್ಣು ಕೆಟ್ಟವನ ಮೇಲಲ್ಲ, ನೋಯುವವನ ಮೇಲಿರಬೇಕು. ನನ್ನ ದನಿ ಯಾರ ಕಡೆ ಮುಖ ಮಾಡಿದೆ ಎಂದು ಕೇಳಿಕೊಂಡರೆ ಅದು ಕಾಳಜಿಯೋ ಬರಿಯ ಕೋಪವೋ ತಿಳಿದುಹೋಗುತ್ತದೆ.

ರಸ್ತೆಯಲ್ಲಿ ಈ ಕೂಗು ಸುಲಭ, ಏಕೆಂದರೆ ಸೈಡ್ ಸ್ಟ್ಯಾಂಡಿಗೆ ಸಿಟ್ಟು ಬರುವುದಿಲ್ಲ. ಮೆಟ್ಟಿಲ ಬಳಿ ಕಷ್ಟ, ಏಕೆಂದರೆ ಅಲ್ಲಿ ಅಪಾಯಕ್ಕೆ ಒಂದು ಮುಖವಿದೆ, ಹೆಸರಿದೆ. ಅದು ನಾಳೆ ಬೆಳಿಗ್ಗೆ ನಮ್ಮೆದುರೇ ಬಂದು ನಿಲ್ಲುತ್ತದೆ. ಮಹಾಭಾರತದಲ್ಲಿ ಹಸ್ತಿನಾವತಿಯ ಜೂಜಿನ ಸಭೆಯ ಕಷ್ಟವೂ ಇದೇ ಆಗಿತ್ತು. ದ್ರೌಪದಿ ಕೇಳಿದ್ದು ಒಂದೇ ಪ್ರಶ್ನೆ: ತನ್ನನ್ನೇ ಸೋತವನಿಗೆ ನನ್ನನ್ನು ಪಣವಿಡುವ ಹಕ್ಕೆಲ್ಲಿತ್ತು? ಭೀಷ್ಮರು ಧರ್ಮ ಸೂಕ್ಷ್ಮ ಎಂದರು. ದ್ರೋಣರು, ಕೃಪರು ಬಾಯಿ ತೆರೆಯಲಿಲ್ಲ. ಎದ್ದು ನಿಂತವನು ವಿಕರ್ಣ, ದುರ್ಯೋಧನನ ಸ್ವಂತ ತಮ್ಮ. ಹಿರಿಯರು ಉತ್ತರ ಕೊಡದಿದ್ದರೆ ನಾನು ಹೇಳುತ್ತೇನೆ, ಈಕೆ ಗೆಲ್ಲಲ್ಪಟ್ಟವಳಲ್ಲ ಎಂದ. ಎಲ್ಲರೂ ಕಾಣುತ್ತಿದ್ದುದನ್ನು ಆ ಹೊತ್ತಿನಲ್ಲಿ ಕಂಡೆ ಎಂದವನು ಅವನೊಬ್ಬನೇ.

ಮುಂದೇನಾಯಿತು ಎಂಬುದನ್ನು ನಾವು ಸಾಮಾನ್ಯವಾಗಿ ನೆನೆಯುವುದಿಲ್ಲ. ವ್ಯಾಸರು ಹೇಳುವಂತೆ ವಿಕರ್ಣನ ಮಾತಿಗೆ ಸಭೆಯಲ್ಲಿ ಮೆಚ್ಚುಗೆಯ ಗುಲ್ಲೆದ್ದಿತು. ಶಕುನಿಯನ್ನು ಜನ ಹಳಿದರು. ಅಂದರೆ ಸರಿ ಯಾವುದೆಂದು ಅಲ್ಲಿದ್ದವರಿಗೆ ಗೊತ್ತಿತ್ತು. ಗುಲ್ಲು ಅಡಗುತ್ತಲೇ ಕರ್ಣ ತೋಳೆತ್ತಿ ಗದರಿದ: ನೀನು ಎಳೆಯ, ಹಿರಿಯರ ಮಾತನ್ನು ಆಡಬೇಡ.  ವಿಕರ್ಣನ ಪಕ್ಕದಲ್ಲಿ "ಇವನು ಹೇಳಿದ್ದು ಸರಿ" ಎಂದು ಇನ್ನೊಬ್ಬ ಎದ್ದು ನಿಲ್ಲಲಿಲ್ಲ. ಆ ಒಂದು ಗಳಿಗೆ ಕಳೆದ ಮೇಲೆಯೇ ದುಶ್ಶಾಸನನ ಕೈ ಸೀರೆಗೆ ಹೋದದ್ದು. ಆಮೇಲೆ ವಿದುರ ಸಭೆಗೆ ನ್ಯಾಯ ಹೇಳಿದ: ಅಧರ್ಮ ನಡೆದ ಸಭೆಯಲ್ಲಿ ಪಾಪದ ಅರ್ಧ ಸಭೆಯ ಮುಖ್ಯನಿಗೆ, ಕಾಲು ಭಾಗ ಮಾಡಿದವನಿಗೆ, ಇನ್ನು ಕಾಲು ಭಾಗ ಅದನ್ನು ಖಂಡಿಸದೆ ಕೂತವರಿಗೆ. ಮಾಡಿದವನ ಪಾಲೂ ಸುಮ್ಮನೆ ಕೂತವನ ಪಾಲೂ ಸರಿಸಮ. ವಿದುರ ಜೂಜು ಬೇಡವೆಂದು ಮೊದಲೇ ಹೇಳಿದ್ದ, ಕೊನೆಯಲ್ಲೂ ಹೇಳಿದ. ವಿಕರ್ಣ ನಡುವೆ ಹೇಳಿದ. ಇಬ್ಬರ ದನಿಯೂ ಒಂಟಿಯಾಗಿ ಎದ್ದು ಒಂಟಿಯಾಗಿಯೇ ಬಿತ್ತು.

ಇದೇ ದ್ರೌಪದಿ ವಿರಾಟನ ಸಭೆಯಲ್ಲೂ ಕೀಚಕನಿಂದ ಒದೆ ತಿಂದು ನ್ಯಾಯ ಕೇಳಿದಳು, ಅಲ್ಲೂ ನ್ಯಾಯ ಸಿಗಲಿಲ್ಲ. ಆ ಕಥೆಯನ್ನು ಕೃಷ್ಣಾಜಿ ಪ್ರಭಾಕರ ಖಾಡಿಲ್ಕರರು 1907ರಲ್ಲಿ 'ಕೀಚಕವಧ' ಎಂದು ಮರಾಠಿ ರಂಗಕ್ಕೆ ತಂದಾಗ, ಕೀಚಕನಲ್ಲಿ ಜನ ಹಿಂದಿನ ವೈಸರಾಯ್ ಕರ್ಜನ್ನನನ್ನು ಕಂಡರು, ದ್ರೌಪದಿಯಲ್ಲಿ ತಮ್ಮ ದೇಶವನ್ನು ಕಂಡರು. ಕಂಡದ್ದನ್ನು ಸಾವಿರಾರು ಜನ ಒಟ್ಟಿಗೆ ಕಂಡರು ಎಂಬುದೇ ಸರ್ಕಾರಕ್ಕೆ ಭಯವಾಯಿತು. 1910ರಲ್ಲಿ ನಾಟಕವನ್ನು ನಿಷೇಧಿಸಿತು. ಒಬ್ಬನೇ ಗೊಣಗುತ್ತಿದ್ದರೆ ಯಾವ ದೊರೆತನಕ್ಕೂ ನಿದ್ದೆ ಕೆಡುವುದಿಲ್ಲ.

ಪ್ಯಾಂಟೊದ ಮಗು ಗೆಲ್ಲುತ್ತದೆ, ವಿಕರ್ಣ ಸೋಲುತ್ತಾನೆ. ಧೈರ್ಯದಲ್ಲಿ ವಿಕರ್ಣನೇ ಮೇಲು. ಮಗುವಿಗೆ ಅಣ್ಣಂದಿರ ಭಯವಿಲ್ಲ, ಕರ್ಣನ ಗದರಿಕೆಯಿಲ್ಲ. ಆದರೆ ಒಂದು ಮಗು ಕೂಗಿದ ಮರುಕ್ಷಣ ಪಕ್ಕದ ಮಗು ಕೂಗುತ್ತದೆ, ಆಮೇಲೆ ಆ ಸಾಲು, ಆಮೇಲೆ ಇಡೀ ಸಭೆ. ಒಂಟಿ ದನಿಯನ್ನು ರಂಗದ ಮೇಲಿನವನು ಕೇಳಿಸಿಕೊಳ್ಳದೆ ಇರಬಹುದು, ಇಡೀ ಸಭೆಯ ದನಿಯನ್ನು ಕೇಳಿಸಿಕೊಳ್ಳದಿರಲಾರ. ಹಸ್ತಿನಾವತಿಯಲ್ಲಿ ಇಲ್ಲದೇ ಹೋದದ್ದು ಎರಡನೆಯ ದನಿ. ಮೊದಲ ದನಿ ಎತ್ತುವ ಮನುಷ್ಯ ಹುಟ್ಟುವುದು ನಮ್ಮ ಕೈಯಲ್ಲಿಲ್ಲ, ಅದು ಅವರವರ ಎದೆಗಾರಿಕೆ. ಅವನು ಉಳಿಯುವುದೋ ಅಳಿಯುವುದೋ ಎಂಬುದು ಮಾತ್ರ ಪಕ್ಕದಲ್ಲಿ ಕೂತವರ ಕೈಯಲ್ಲಿದೆ.

ಕಳಂಬೋಲಿಯಂಥ ಊರಿನಲ್ಲಿ ಈ ಎರಡನೆಯ ದನಿ ಇನ್ನೂ ಹೆಚ್ಚು ಬೇಕು. ಸಿಡ್ಕೋ ಎಂಬ ಸರ್ಕಾರಿ ನಿಗಮ ಕಟ್ಟಿದ ಈ ಹೊಸ ನಗರಕ್ಕೆ ನಾವೆಲ್ಲ ಬೇರೆ ಬೇರೆ ಊರುಗಳಿಂದ ಬಂದವರು. ಇಲ್ಲಿ ಬುದ್ಧಿ ಹೇಳುವ ಗುತ್ತಿನ ಹಿರಿಯರಿಲ್ಲ, ಜಗಳ ಬಿಡಿಸುವ ಗೌಡರಿಲ್ಲ, ಬಾಗಿಲು ತಟ್ಟದೆ ಒಳಬರುವ ಸೋದರತ್ತೆಯಿಲ್ಲ. ಫೋನಿನಲ್ಲಿ ಪೊಲೀಸರೆಂದು ನಂಬಿಸಿ, "ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಯಾರಿಗೂ ಹೇಳಬೇಡಿ" ಎಂದು ಹೆದರಿಸಿ ಹಿರಿಯರ ಜೀವಮಾನದ ಉಳಿತಾಯ ದೋಚುವವರು ನೆಚ್ಚಿಕೊಂಡಿರುವುದು ಈ ಒಂಟಿತನವನ್ನೇ. ಅಂಥ ಬಂಧನ ನಮ್ಮ ಕಾನೂನಿನಲ್ಲಿ ಎಲ್ಲೂ ಇಲ್ಲ. ಬಾಗಿಲು ತಟ್ಟಿ "ಮಾವ, ಇದು ಮೋಸ, ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡೋಣ" ಎನ್ನುವ ಒಬ್ಬರು ಸಾಕು, ಕಟ್ಟು ಬಿಚ್ಚಿಹೋಗುತ್ತದೆ. ಅವರು ಮೊದಲು ನಂಬದೆ ಇರಬಹುದು. ಫೋನಿನಲ್ಲಿರುವ ದೊಡ್ಡ ಅಧಿಕಾರಿ ಇಲ್ಲ ಎನ್ನುತ್ತಿರುವಾಗ ನೆರೆಯವನ ಮಾತು ಹಗುರವಾಗಿ ಕಾಣುತ್ತದೆ. ಆಗ ಇನ್ನೊಂದು ಮನೆಯವರೂ ಬಂದು ಅದನ್ನೇ ಹೇಳಬೇಕು.

ಮಗುವೊಂದು "ಆ ಅಂಕಲ್ ಹತ್ತಿರ ಹೋಗೋದಿಲ್ಲ" ಎಂದು ಹಟ ಹಿಡಿದರೆ ಅದೂ ಒಂದು ಕೂಗು. "ಹಾಗೆಲ್ಲ ಅನ್ನಬಾರದು, ದೊಡ್ಡವರು" ಎಂದು ಬಾಯಿ ಮುಚ್ಚಿಸುವ ಪ್ರತಿ ಸಲ ನಾವು ಕರ್ಣನ ಮಾತನ್ನೇ ಆಡುತ್ತೇವೆ. ಯಾಕೆ ಎಂದು ಕೇಳಿ, ನಂಬಿ, ಅಗತ್ಯಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೆ ಆ ಮಗುವಿನ ಎರಡನೆಯ ದನಿ ನಾವಾಗುತ್ತೇವೆ. ಎದುರು ಮನೆಯ ಸೊಸೆಯ ವಿಷಯವನ್ನು ಸೊಸೈಟಿಯ ಮೀಟಿಂಗಿನಲ್ಲಿ ಕೂಗಿ ಹೇಳಬೇಕಾಗಿಲ್ಲ, ಗಂಡನಿಗೆ ಛೀಮಾರಿ ಹಾಕಬೇಕಾಗಿಯೂ ಇಲ್ಲ. ಅದು ಆಕೆಗೇ ಇನ್ನಷ್ಟು ಹೊಡೆತ ತಂದೀತು. ಮೊದಲು ಮುಖ ಮಾಡಬೇಕಾದದ್ದು ಆಕೆಯ ಕಡೆಗೆ. "ಅಕ್ಕಾ, ನನಗೆ ಗೊತ್ತಾಗ್ತಿದೆ. ಯಾವ ಹೊತ್ತಿಗಾದರೂ ನಮ್ಮ ಬಾಗಿಲು ತಟ್ಟಿ" ಎಂದರೆ ಅಷ್ಟೇ ದೊಡ್ಡದು. ಮನೆಯವರೆಲ್ಲ ಏನೂ ಆಗಿಲ್ಲ ಎನ್ನುವಾಗ, ಆಗಿದೆ ಎಂದು ಒಪ್ಪುವವರು ಒಬ್ಬರು ಇದ್ದಾರೆಂಬ ಅರಿವಿನಿಂದಲೇ ಎಷ್ಟೋ ಹೆಂಗಸರು ಎದ್ದು ನಿಂತಿದ್ದಾರೆ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡುವ ಧೈರ್ಯ ಆಮೇಲೆ ಬರುತ್ತದೆ.

ಅದಕ್ಕೇ ನಮ್ಮ ಮಕ್ಕಳನ್ನು ಆಟಕ್ಕೆ ಕರೆದೊಯ್ಯೋಣ ಎನ್ನುತ್ತೇನೆ. ಮಳೆಗಾಲದಲ್ಲಿ ಯಕ್ಷಗಾನ ಬಂದರೆ ಅದಕ್ಕೆ, ಕನ್ನಡ ಸಂಘದವರು ನಾಟಕ ಆಡಿಸಿದರೆ ಅದಕ್ಕೆ. ಭಾಷೆ ಉಳಿಯಲಿ ಎಂದು ಕರೆದೊಯ್ಯುವುದು ಸರಿಯೇ. ಅದಕ್ಕಿಂತ ದೊಡ್ಡ ಕಾರಣವೂ ಇದೆ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಒಬ್ಬೊಬ್ಬರೇ ನೋಡುವ ಕಥೆಯಲ್ಲಿ ನಾವು ಕೂಗಿದರೂ ಯಾರಿಗೂ ಕೇಳಿಸದು, ನಮ್ಮ ಪಕ್ಕದಲ್ಲಿ ದನಿಗೂಡಿಸುವವರೂ ಇರರು. ಸಭೆಯಲ್ಲಿ ಕೂತು ನೋಡಿದರೆ, ತನಗೆ ಕಂಡದ್ದು ಪಕ್ಕದವರಿಗೂ ಕಂಡಿದೆ ಎಂಬುದು ಮಗುವಿಗೆ ಅರ್ಥವಾಗುತ್ತದೆ. ಮುಂದೊಂದು ದಿನ ನಿಜವಾದ ಸಭೆಯಲ್ಲಿ, ಕಾಲೇಜಿನಲ್ಲೋ ಕಚೇರಿಯಲ್ಲೋ, ಅನ್ಯಾಯದ ಎದುರು ಒಬ್ಬರು ಒಂಟಿಯಾಗಿ ಎದ್ದಾಗ ಆ ಅರಿವೇ ಆ ಮಗುವನ್ನೂ ಎಬ್ಬಿಸಿ ನಿಲ್ಲಿಸುತ್ತದೆ.

ಭಾರತಯುದ್ಧದಲ್ಲಿ ವಿಕರ್ಣನನ್ನು ಕೊಂದ ಭೀಮನೇ ಅವನಿಗಾಗಿ ದುಃಖಪಟ್ಟ. ಸತ್ತ ಮೇಲೆ ಸಿಕ್ಕ ಆ ದುಃಖದ ಬದಲು ಬದುಕಿದ್ದಾಗ ಒಬ್ಬನ ಬೆಂಬಲ ಸಿಕ್ಕಿದ್ದರೆ ಕಥೆ ಬೇರೆ ದಾರಿ ಹಿಡಿಯುತ್ತಿತ್ತೋ ಏನೋ. ಮೊದಲ ದನಿಯಾಗುವ ಶಕ್ತಿ ಎಲ್ಲರಿಗೂ ಇರುವುದಿಲ್ಲ, ಇಲ್ಲವೆಂದು ನಾಚಬೇಕಾಗಿಯೂ ಇಲ್ಲ. ಎರಡನೆಯ ದನಿಯಾಗಲು ವೀರರೇ ಆಗಬೇಕಿಲ್ಲ. ಯಾರೋ ಒಬ್ಬರು ನಡುಗುವ ಸ್ವರದಲ್ಲಿ ನಿಜ ಹೇಳಿ ಸುತ್ತಲೂ ನೋಡುವಾಗ, ತಲೆ ತಗ್ಗಿಸದೆ "ಹೌದು, ನಾನೂ ನೋಡಿದ್ದೇನೆ" ಎಂದರೆ ಆಯಿತು. ಪ್ರತಿ ಕಟ್ಟಡದಲ್ಲೂ, ಪ್ರತಿ ಕಚೇರಿಯಲ್ಲೂ ಆ ಮಾತು ಹೇಳುವವರು ಒಬ್ಬರಾದರೂ ಇರಬೇಕು. ಬೇರೆಯವರು ಆಗಲಿ ಎಂದು ಕಾಯದೆ ಆ ಒಬ್ಬರು ನಾವೇ ಆಗೋಣ.